ಪುತ್ತಬ್ಬ ಹಿಡಿದ ಕಂಬ

ಪುತ್ತಬ್ಬ ಕೊಲ್ಲಿ ದೇಶದ ಸಲ್ವಾ ಎಂಬಲ್ಲಿ ಒಂದು ಅರಬರ ಮನೆಯ ಡ್ರೈವರ್. ಊರು ಉಳ್ಳಾಲ. ಚಳಿಗಾಲದ ಶುಕ್ರವಾರಗಳಲ್ಲಿ ಮನೆಯವರನ್ನೆಲ್ಲ ಸಮುದ್ರದಂಡೆಯ ಪಾರ್ಕಿಗೆ ಕರೆತಂದು ಡೇರೆ ಹಾಕುವುದೂ ಅವರದೇ ಕೆಲಸ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಅವರು ಅಕ್ಕಿಯ ಖಾಲಿ ಚೀಲಗಳಿಗೆ ಮರಳು ತುಂಬಿ, ಡೇರೆಯ ಹಗ್ಗಗಳನ್ನು ಅವಕ್ಕೆ ಬಿಗಿದು, ಆಳಕ್ಕೆ ಹೂಳುತ್ತಾರೆ. ಗಾಳಿ ಒಳಗೆ ನುಗ್ಗದ ಹಾಗೆ, ಆದರೆ ನೀರು ಕಾಣುವ ಹಾಗೆ ಬಾಗಿಲು ಇಡುತ್ತಾರೆ. ಯಜಮಾನನ ತಾಯಿಗೆ ಆ ಡೇರೆಯೇ ಬೇಕು. ಬೇರೆಯವರು ಹಾಕಿದರೆ ಅಜ್ಜಿ ಕಾರಿನಿಂದ ಇಳಿಯುವುದಿಲ್ಲ.

ಇದರಿಂದಾಗಿಯೇ ರಜೆ ಮುಂದೆ ಹೋಗುತ್ತ ಬಂತು. ಚಳಿಗಾಲದಲ್ಲಿ ಕೇಳಿದರೆ ಡೇರೆ, ಬೇಸಿಗೆಯಲ್ಲಿ ಕೇಳಿದರೆ ಮನೆ ಕಾಯಬೇಕು. ಪಾಸ್‌ಪೋರ್ಟ್ ಯಜಮಾನನ ಕಪಾಟಿನಲ್ಲಿ. ಈ ಸಲ ಮಗಳು ಫಿದಾಳ ನಿಖಾ ನಿಶ್ಚಯವಾಗಿತ್ತು. ಪುತ್ತಬ್ಬ ಬಿಡದೆ ಕೇಳಿದರು.

"ಹೊಸ ಡ್ರೈವರ್ ಡೇರೆ ಹಾಕಲಿ," ಎಂದ ಯಜಮಾನ. "ಅಮ್ಮ ಸಂಜೆಯವರೆಗೆ ಅದರಲ್ಲಿ ಕೂತರೆ ನೀನು ಊರಿಗೆ ಹೋಗು."

ಹೊಸ ಡ್ರೈವರ್ ಮಂಜೇಶ್ವರದ ಅಲಿಕುಂಞಿ. ಆ ಶುಕ್ರವಾರ ಪಾರ್ಕಿಗೆ ಬಂದ ಕೂಡಲೇ ಅವನು ಎಚ್ಚರಿಸಿದ: "ಪುತ್ತಬ್ಬಾಕ, ಇವತ್ತು ನೀವು ಕಾರಿನಿಂದ ಇಳಿಯಲೇಬೇಡಿ. ಇಳಿದ್ರೆ ನಿಮ್ಮ ಕೈ ಸುಮ್ಮನಿರುದಿಲ್ಲ."

"ಇಳಿಯುದಿಲ್ಲ ಮಾರಾಯ. ನೀನು ಆ ಬಲಗಡೆಯ ಚೀಲ ಸ್ವಲ್ಪ ಆಳಕ್ಕೆ..."

"ನೋಡಿ, ಶುರುವಾಯ್ತು! ಮಗಳ ಮದುವೆ ಬಿರಿಯಾನಿ ತಿನ್ನಲಿಕ್ಕುಂಟಾ, ಇಲ್ವಾ ನಿಮಗೆ?"

ಪುತ್ತಬ್ಬ ನಕ್ಕು ಗಾಜು ಏರಿಸಿ ಕೂತರು. ಅಜ್ಜಿ ಡೇರೆಯ ಸುತ್ತ ಒಮ್ಮೆ ನೋಡಿ ಒಳಗೆ ಹೋದರು. ಚಹಾ ತರಿಸಿಕೊಂಡರು. ಮಧ್ಯಾಹ್ನದ ಊಟವೂ ಅಲ್ಲೇ ಆಯಿತು. ಯಜಮಾನ ಕಾರಿನ ಕಡೆ ನೋಡಿ ತಲೆಯಾಡಿಸಿದ. ಪುತ್ತಬ್ಬ ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದರು.

ಸಂಜೆಯ ಹೊತ್ತಿಗೆ ಗಾಳಿ ಎದ್ದಿತು. ಬಲಗಡೆಯ ಚೀಲ ಮರಳಿನಿಂದ ಮೆಲ್ಲನೆ ಮೇಲೇಳುವುದು ಅವರಿಗೆ ಕಾಣಿಸಿತು. ಅಲಿಕುಂಞಿ ದೂರದಲ್ಲಿ ಬೆನ್ನು ತಿರುಗಿಸಿ ಮಾಂಸ ಸುಡುವ ಇದ್ದಿಲಿಗೆ ಗಾಳಿ ಬೀಸುತ್ತಿದ್ದ. ಪುತ್ತಬ್ಬ ಹಾರ್ನ್ ಒತ್ತಿದರು. ಅವನು ತಿರುಗಲಿಲ್ಲ. ಮತ್ತೆ ಒತ್ತಿದರು. ಕಬ್ಬಿಣದ ಕಂಬ ಅಜ್ಜಿ ಕೂತ ಕಡೆಗೇ ವಾಲಿತು.

ಅವರು ಬಾಗಿಲು ತೆರೆದು ಓಡಿದರು. ಎರಡೂ ಕೈಯಲ್ಲಿ ಕಂಬ ಹಿಡಿದು ನಿಂತರು.

ಅಜ್ಜಿ ಅವರನ್ನು ಕಂಡು ಸಮಾಧಾನದಿಂದ ನಕ್ಕರು. ಯಜಮಾನ ಬಂದು ಅವರ ಬೆನ್ನು ತಟ್ಟಿದ. "ಖಲಾಸ್. ನೋಡಿದೆಯಾ, ನೀನಿಲ್ಲದೆ ಆಗುವುದಿಲ್ಲ. ನಿನ್ನ ಮಗಳಿಗೆ ಒಳ್ಳೆಯ ಉಡುಗೊರೆ ಕಳಿಸೋಣ."

ಅಲಿಕುಂಞಿ ಗುದ್ದಲಿ ಹಿಡಿದು ಓಡಿ ಬಂದ. ಅವನ ಮುಖ ಸಣ್ಣದಾಗಿತ್ತು. "ಇಳಿಯಬೇಡಿ ಅಂದಿದ್ದೆ ಅಲ್ವಾ ಕಾಕ?"

"ಅಡಿಯಲ್ಲಿ ಮುದುಕಿ ಇದ್ರಲ್ಲ ಮಾರಾಯ. ಬೇಗ ಅಗೆ."

ಚೀಲ ಹೂತು ಮುಗಿಯುವವರೆಗೆ ಪುತ್ತಬ್ಬ ಕೈ ಬಿಡುವ ಹಾಗಿರಲಿಲ್ಲ.