ಚಿನ್ನದಕ್ಕ ಒರೆಸಿಬಿಟ್ಟ ಕೆಂಪು ಚುಕ್ಕೆ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಮೂಲೆಯ ಕೋಣೆಯಲ್ಲಿ ಒಬ್ಬಾಕೆ ಕೈಗವಸು ತೊಟ್ಟು, ಉಗುರಗಲದ ಗಾಜಿನ ತುಂಡನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಒಡ್ಡುತ್ತಿದ್ದಾರೆ. ಅದರ ಮೇಲೆ ಚಿನ್ನದ ತೆಳು ಲೇಪ. ದಿನಕ್ಕೆ ಇಂಥ ಇಪ್ಪತ್ತನಾಲ್ಕು ತುಂಡು ತೊಳೆದು ಒಣಗಿಸುವುದು ಹನ್ನೊಂದು ವರ್ಷಗಳಿಂದ ಇವರ ಕೆಲಸ. ಎಲ್ಲರ ಬಾಯಲ್ಲೂ ಇವರು ಚಿನ್ನದಕ್ಕ. "ಕೈ ತುಂಬ ಚಿನ್ನ, ಕಿವೀಲಿ ಮಾತ್ರ ಹಿತ್ತಾಳೆ" ಎಂದು ತಾವೇ ನಗುತ್ತಾರೆ.

ಓದಿದ್ದು ಏಳನೇ ತರಗತಿ. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಕಸ ಗುಡಿಸಲು ಬಂದವರು. ಈಗ ಇಲ್ಲಿ ನಡೆಯುವುದೇನು ಎಂದು ಕೇಳಿದರೆ ಎರಡೂ ಅಂಗೈ ಚಾಚುತ್ತಾರೆ. "ನೋಡಿ, ಎರಡೂ ಒಂದೇ ಥರ. ಆದ್ರೂ ಎಡಗೈ ಗವಸು ಬಲಗೈಗೆ ಕೂರಲ್ಲ. ಕೆಲವು ಅಣುಗಳೂ ಹಂಗೇ, ಎಡದ್ದು ಬಲದ್ದು ಅಂತ. ಎಲೆಕ್ಟ್ರಾನು ಬುಗುರಿ ಇದ್ದಂಗೆ. ಎಡದ ಅಣು ಒಂದ್ಕಡೆ ತಿರುಗೋ ಬುಗುರೀನ ಸಲೀಸಾಗಿ ಬಿಡುತ್ತೆ, ಬಲದ್ದು ಇನ್ನೊಂದ್ಕಡೇದನ್ನ." ಚಿನ್ನದ ಮೇಲೆ ಅಣುಗಳನ್ನು ಕೂರಿಸಿ, ಬುಗುರಿಗಳೆಲ್ಲ ಒಂದೇ ಕಡೆ ತಿರುಗಲೆಂದು ಚಿನ್ನದ ಅಡಿಯಲ್ಲಿರುವ ನಿಕಲ್ ಲೋಹದ ಪದರಕ್ಕೆ ಗುಂಡಿಯಷ್ಟು ಅಯಸ್ಕಾಂತ ಒತ್ತಿಟ್ಟು ಕರೆಂಟು ಅಳೆದರೆ ಆ ವ್ಯತ್ಯಾಸ ಸಿಗುತ್ತದೆ. ಅಯಸ್ಕಾಂತ ಮಗುಚಿದರೆ ಫಲಿತಾಂಶವೂ ಮಗುಚುತ್ತದೆ.

ಕಳೆದ ತಿಂಗಳು ಎಲ್ಲ ಅಯೋಮಯ. ಒಂದು ದಿನ ಎಡದ ಅಣು ಗೆದ್ದರೆ ಮರುದಿನ ಬಲದ್ದು. ಈ ಪ್ರಯೋಗ ನಡೆಸುವ ಸಂಶೋಧನೆಯ ಹುಡುಗಿ ತಲೆಯ ಮೇಲೆ ಕೈಹೊತ್ತು ಕುಳಿತಳು. ಲೋಹ ಶುಚಿಯಿಲ್ಲ, ಚಿನ್ನದಕ್ಕನಿಗೆ ವಯಸ್ಸಾಯಿತು, ವಾರದಲ್ಲಿ ಸರಿಹೋಗದಿದ್ದರೆ ತೊಳೆಯುವ ಕೆಲಸ ಬೇರೆಯವರಿಗೆ ಎಂದರು ಪ್ರೊಫೆಸರು. "ಊಟಾನೇ ಸೇರ್ಲಿಲ್ಲ. ಈ ಕೆಲಸ ಬಿಟ್ರೆ ನಂಗೆ ಇನ್ನೇನು ಬರುತ್ತೆ?" ಎನ್ನುತ್ತಾರೆ ಚಿನ್ನದಕ್ಕ.

ಆ ವಾರವೇ ಒಂದು ಸಂಜೆ ಮನೆಯಲ್ಲಿ ಮಗಳು ಉಗುರಿನ ಬಣ್ಣ ಅಳಿಸುತ್ತಿದ್ದಳು. ಮೂಗಿಗೆ ಬಡಿದದ್ದು ಪ್ರಯೋಗಾಲಯದಲ್ಲಿ ತಾವು ಗಾಜು ತೊಳೆಯುವ ಅಸಿಟೋನಿನ ಅದೇ ವಾಸನೆ. ಚಿನ್ನದಕ್ಕನಿಗೆ ಥಟ್ಟನೆ ಹೊಳೆಯಿತು. ಅಯಸ್ಕಾಂತದ ಒಂದು ಮುಖಕ್ಕೆ ಹುಡುಗಿ ಗುರುತಿಗೆಂದು ಇಟ್ಟಿದ್ದ ಕೆಂಪು ಚುಕ್ಕೆಯೂ ಉಗುರಿನ ಬಣ್ಣವೇ. ಅದನ್ನು ಕೊಳೆಯೆಂದು ಅಸಿಟೋನಿನಲ್ಲಿ ಫಳಫಳ ಹೊಳೆಯುವಂತೆ ಒರೆಸಿಟ್ಟವರು ಇವರೇ! ಚುಕ್ಕೆ ಕೆಳಗಿರಬೇಕು ಎಂಬುದು ಲೆಕ್ಕ. ಮೇಲೆ ಬರಿಮುಖ ಕಂಡರೆ ಹುಡುಗಿ ಸರಿಯಿದೆ ಎಂದುಕೊಳ್ಳುತ್ತಿದ್ದಳು. ಈಗ ಎರಡೂ ಬರಿಮುಖ; ಅಯಸ್ಕಾಂತ ಮಗುಚಿ ಕೂತರೂ ತಿಳಿಯುತ್ತಿರಲಿಲ್ಲ.

"ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಆ ಹುಡುಗಿ ಅಳೋದು ನೋಡಕ್ಕಾಗ್ಲಿಲ್ಲ. ಬೆಳಿಗ್ಗೆ ಹೋದವಳೇ, ತಪ್ಪು ನಂದು ಸಾರ್, ಲೋಹದ್ದಲ್ಲ ಅಂದೆ." ಅಯಸ್ಕಾಂತದ ಒಂದು ಮುಖದ ಮೇಲೆ ಸೂಜಿಯಿಂದ ಗೀರಿ ಗುರುತು ಮಾಡಿ ಮತ್ತೆ ಅಳೆದರು. ಐದು ದಿನವೂ ಎಡದ್ದು ಎಡದ್ದೇ, ಬಲದ್ದು ಬಲದ್ದೇ. ಪ್ರೊಫೆಸರು ಕೈಮುಗಿದು, ಕೆಲಸ ನಿಮ್ಮದೇ ಎಂದರು. "ಎದೆ ಮೇಲಿನ ಕಲ್ಲು ಇಳಿಸಿದಂಗಾಯ್ತು. ಆವತ್ತು ಎರಡಾಳಿನ ಊಟ ಮಾಡ್ದೆ ನೋಡಿ!"

ಹುಡುಗಿ ಈಗ ಪ್ರಬಂಧ ಬರೆಯುತ್ತಿದ್ದಾಳೆ. ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಚಿನ್ನದಕ್ಕನ ಹೆಸರು ಹಾಕುತ್ತೇನೆಂದರೆ ಇವರು ಒಪ್ಪುತ್ತಿಲ್ಲ.

"ನನ್ನ ಹೆಸರು ಬೇಡಮ್ಮ. ಬಣ್ಣದ ಚುಕ್ಕೆ ಇಡಬೇಡಿ, ಗೀರಿ ಗುರುತು ಮಾಡಿ ಅಂತ ಬರಿ. ಇನ್ಯಾವುದೋ ಊರಲ್ಲಿ ನನ್ನಂಥೋಳು ಒಬ್ಳು ಒರೆಸ್ತಾ ಇರ್ತಾಳೆ. ಅವಳು ಬೈಸ್ಕೋಬಾರ್ದು."