ಡೊಲೊರೆಸ್ ರೇಡಿಯೋ ಹಾಕಿದ್ದು

ಡೊಲೊರೆಸ್ ಹ್ಲಾವಾಟಿಯ ಮದುವೆ ನಡೆದದ್ದು ಅಕ್ಟೋಬರ್ ತಿಂಗಳ ಎರಡನೇ ಶನಿವಾರ. ದಿನ ಗೊತ್ತುಮಾಡಿದವಳು ಅವಳೇ. ಹೆರನ್ಸ್ ಬೇಸ್‌ಬಾಲ್ ತಂಡ ಸೆಪ್ಟೆಂಬರ್ ಕೊನೆಗೆ ಸೋಲುವುದನ್ನೆಲ್ಲ ಸೋತು ಮುಗಿಸಿ ಮನೆಗೆ ಹೋಗಿರುತ್ತದೆ. ಆಂಕರ್ಸ್ ಫುಟ್‌ಬಾಲ್ ತಂಡ ಸೋಲುವುದು ಭಾನುವಾರಗಳಲ್ಲಿ. ಶನಿವಾರ ಬಿಡುವು. ವರ ಎಮಿಲ್‌ಗೆ ಈ ಲೆಕ್ಕಾಚಾರ ಗೊತ್ತಿರಲಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ತೂಕ ನೋಡುವ ಕೆಲಸ ಅವನದು, ಬಿಡುವಿನಲ್ಲಿ ಟೊಮೆಟೊ ಬೆಳೆಯುತ್ತಿದ್ದ. ಆ ಶನಿವಾರ ಮಳೆ ಬರದಿದ್ದರೆ ಸಾಕು ಎಂದಷ್ಟೇ ಅವನ ಆಸೆ.

ಮದುವೆಯಾದ ಮೇಲೆ ಗೊತ್ತಾಯಿತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅಡುಗೆಮನೆಯ ರೇಡಿಯೋದಲ್ಲಿ ಹೆರನ್ಸ್, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮೂವತ್ತು ಮೈಲಿ ದೂರದ ಶಹರದ ಕ್ರೀಡಾಂಗಣದಲ್ಲಿ ಆಂಕರ್ಸ್. ಉಳಿದ ಮೂರು ತಿಂಗಳು ಅವಳು ಗಂಡನ ಜೊತೆ ಮಾತಾಡುತ್ತಿದ್ದಳು.

"ಎರಡೂ ಯಾಕೆ?" ಎಂದು ಎಮಿಲ್ ಒಮ್ಮೆ ಕೇಳಿದ. "ಒಂದು ತಂಡ ಸಾಲ್ದಾ?"

"ಒಂದು ಸೋತಾಗ ಮುಖ ತಿರುಗಿಸ್ಕೊಳ್ಳೋಕೆ ಇನ್ನೊಂದು ಬೇಡ್ವಾ?"

"ಇನ್ನೊಂದೂ ಸೋಲುತ್ತಲ್ಲ."

"ಅದಕ್ಕೇ ಬೇರೆ ಬೇರೆ ತಿಂಗಳಲ್ಲಿ ಇಟ್ಟಿದಾರೆ."

ಅವಳ ಅನುಭವದಲ್ಲಿ ಎರಡು ಸೋಲುಗಳೂ ಬೇರೆ ಬೇರೆ ಜಾತಿಯವು. ಬೇಸ್‌ಬಾಲ್ ವರ್ಷಕ್ಕೆ ನೂರ ಅರವತ್ತೆರಡು ಪಂದ್ಯ. ಇವತ್ತಿನ ಸೋಲನ್ನು ನಾಳೆಯ ಸೋಲು ತೊಳೆದುಬಿಡುತ್ತದೆ, ಹೆಚ್ಚು ಹೊತ್ತು ಅಳುವುದಕ್ಕೆ ಆಗುವುದಿಲ್ಲ. ಚೆಂಡನ್ನು ತೋಳಲ್ಲಿ ಅವುಚಿಕೊಂಡು ಓಡುವ ಈ ಫುಟ್‌ಬಾಲ್ ಹಾಗಲ್ಲ. ವಾರಕ್ಕೊಂದೇ ಪಂದ್ಯ. ಭಾನುವಾರ ಸೋತದ್ದು ಬುಧವಾರದವರೆಗೂ ಎದೆಯುರಿಯ ಹಾಗೆ ಒಳಗೇ ಕೂತಿರುತ್ತದೆ. ಅವಳು ಕೆಲಸಕ್ಕಿದ್ದ ಬೇಕರಿಯಲ್ಲಿ ಸೋಮವಾರ ಬೆಳಿಗ್ಗೆ ಯಾರೂ ಅವಳಿಂದ ನಗುವನ್ನು ನಿರೀಕ್ಷಿಸುತ್ತಿರಲಿಲ್ಲ. ಬ್ರೆಡ್ಡು ತೆಗೆದುಕೊಂಡು, ಚಿಲ್ಲರೆ ಇಸಿದುಕೊಂಡು, ಸದ್ದಿಲ್ಲದೆ ಹೋಗುತ್ತಿದ್ದರು.

ಆಟದ ಈ ಹುಚ್ಚು ಅಪ್ಪನಿಂದ ಬಂದದ್ದು. ಸ್ಲೊವಾಕಿಯಾದಿಂದ ಬಂದು ಕುಲುಮೆಯ ಮುಂದೆ ನಿಂತ ಆ ಮನುಷ್ಯ ಇಂಗ್ಲಿಷ್ ಕಲಿತದ್ದೇ ಬೇಸ್‌ಬಾಲ್ ವರದಿ ಕೇಳಿ. ಹೀಗಾಗಿ ಸಾಯುವವರೆಗೂ ಅವನ ಇಂಗ್ಲಿಷಿನಲ್ಲಿ ವಿಷಾದಕ್ಕೆ ಹತ್ತಾರು ಮಾತುಗಳಿದ್ದವು, ಸಂತೋಷಕ್ಕೆ ಎರಡು ಮೂರು ಮಾತ್ರ.

ಇಂಥ ಡೊಲೊರೆಸ್‌ಗೆ ನಲವತ್ತಾರು ತುಂಬಿದ ವರ್ಷ ಹೆರನ್ಸ್ ತಂಡಕ್ಕೆ ಏನಾಯಿತೋ, ಗೆಲ್ಲತೊಡಗಿತು. ಗೆದ್ದು ಗೆದ್ದು ಅಕ್ಟೋಬರ್‌ಗೆ ಬಂದು ನಿಂತಿತು. ಇಪ್ಪತ್ತಾರು ವರ್ಷಗಳ ಮೇಲೆ ಮೊದಲ ಸಲ ಫೈನಲ್. ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದವರು ಇಡೀ ದೇಶಕ್ಕೆ ಚಾಂಪಿಯನ್ನರು. ಬೀದಿಯ ಮನೆಗಳೆಲ್ಲ ಕಿಟಕಿಗೆ ನೀಲಿ ಬಟ್ಟೆ ಕಟ್ಟಿದವು. ಚರ್ಚಿನ ಹೆಂಗಸರು ನೀಲಿ ಸಕ್ಕರೆ ಪಾಕ ಸುರಿದ ಕೇಕು ಮಾಡಿದರು. ಅದು ನೋಡಲು ಚೆನ್ನಾಗಿತ್ತು.

ಮೊದಲ ಪಂದ್ಯವನ್ನು ಡೊಲೊರೆಸ್ ಬೀಲೆಕ್‌ನ ಕ್ಷೌರದಂಗಡಿಯ ಟಿ.ವಿ.ಯಲ್ಲಿ ನೋಡಿದಳು. ಹೆರನ್ಸ್ ಸೋತಿತು. ಎರಡನೆಯದರ ದಿನ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು, ಗೆದ್ದಿತು. ಮೂರನೆಯದನ್ನು ನೋಡಿದಳು, ಸೋತಿತು. ನಾಲ್ಕನೆಯದರ ದಿನ ಬೇಕರಿ ಯಜಮಾನನ ಅತ್ತೆಯನ್ನು ಮಣ್ಣು ಮಾಡಿದರು, ಗೋರಿಯ ಪಕ್ಕ ನಿಂತಿದ್ದಳು, ಗೆದ್ದಿತು. ಐದನೆಯದರಲ್ಲಿ ಹೆರನ್ಸ್ ನಾಲ್ಕು ರನ್ ಮುಂದಿದ್ದಾಗ ಅವಳು ಕೆಲಸ ಮುಗಿಸಿ ಅಂಗಡಿಯೊಳಗೆ ಕಾಲಿಟ್ಟಳು. ಐದು ನಾಲ್ಕರಿಂದ ಸೋತಿತು. ಆರನೆಯದರ ಹೊತ್ತಿಗೆ ಜ್ವರ ಬಂದು ಮಲಗಿದ್ದಳು, ಗೆದ್ದಿತು.

ಮೂರು ಮೂರು ಸಮ. ಕೊನೆಯ ಪಂದ್ಯ ಶನಿವಾರ ಮಧ್ಯಾಹ್ನ, ಎದುರಾಳಿಗಳ ಊರಿನಲ್ಲಿ.

ಶುಕ್ರವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಬೀಲೆಕ್ ನಿಂತಿದ್ದ, ಕೈಯಲ್ಲಿ ಅಂಗಡಿಯ ಕ್ಯಾಲೆಂಡರ್. ಅವನ ಹಿಂದೆ ಫಾದರ್ ಚೆರ್ನಿ, ಟೋಪಿ ಕೈಯಲ್ಲಿ ಹಿಡಿದು, ಬೇರೆ ಕಡೆ ನೋಡುತ್ತಾ.

"ಡೊಲೊರೆಸ್, ತಪ್ಪು ತಿಳ್ಕೋಬೇಡ," ಎಂದ ಬೀಲೆಕ್. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. "ನೀನೇ ನೋಡು. ಕೆಂಪು ಗುರುತು ನೀನು ನೋಡಿದ್ದು. ನೀಲಿ ಗುರುತು ನೀನು ನೋಡ್ದೇ ಇದ್ದಿದ್ದು."

ಅವಳು ನೋಡಿದಳು. ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನನ್ನ ಕಣ್ಣು ಬೀಳ್ತಿದೆ ಅಂತೀಯಾ?"

"ಕಣ್ಣೂ ಬೀಳ್ತಿದೆ, ಕಿವೀನೂ ಬೀಳ್ತಿದೆ."

"ಫಾದರ್, ನೀವೂ ಇದನ್ನ ನಂಬ್ತೀರಾ?"

"ಚರ್ಚು ಇಂಥದನ್ನ ನಂಬೋದಿಲ್ಲಮ್ಮ," ಎಂದರು ಫಾದರ್ ಚೆರ್ನಿ. ಟೋಪಿಯ ಅಂಚು ತಿರುಗಿಸುತ್ತಾ, "ನಾನು ಸುಮ್ನೆ ಇವನ ಜೊತೆ ವಾಕಿಂಗ್ ಬಂದೆ," ಎಂದರು.

"ಭಾನುವಾರದ ಫುಟ್‌ಬಾಲ್ ನೀನು ಎಷ್ಟು ಬೇಕಾದ್ರೂ ನೋಡು," ಬೀಲೆಕ್ ಸಮಾಧಾನ ಹೇಳಿದ. "ಆಂಕರ್ಸ್‌ನ ಇನ್ನು ಕೆಡಿಸೋಕೆ ಯಾರಿಂದ್ಲೂ ಆಗಲ್ಲ."

ಡೊಲೊರೆಸ್ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಇಪ್ಪತ್ತಾರು ವರ್ಷ ಈ ತಂಡದ ಒಂದೊಂದು ಸೋಲನ್ನೂ ಮೈಮೇಲೆ ಹಾಕಿಕೊಂಡವಳು ಅವಳು. ಬೀದಿಯಲ್ಲಿ ಬೇರೆ ಯಾರೂ ಒಂಬತ್ತು ಇನ್ನಿಂಗ್ಸಿಗೆ ಮುಗಿಯದೆ ಎಳೆದ ಮೇ ತಿಂಗಳ ಮಂಗಳವಾರದ ಪಂದ್ಯವನ್ನು ಹದಿನಾಲ್ಕನೇ ಇನ್ನಿಂಗ್ಸ್‌ವರೆಗೆ ಕೇಳಿದವರಲ್ಲ. ಆದರೂ ಕ್ಯಾಲೆಂಡರಿನ ಗುರುತುಗಳು ಅವಳಿಗೂ ಕಾಣುತ್ತಿದ್ದವು.

"ಸರಿ," ಎಂದಳು. "ನಾನು ಊರಲ್ಲೇ ಇರಲ್ಲ."

ಮರುದಿನ ಬೆಳಿಗ್ಗೆ ಎಮಿಲ್ ಕಾರಿನ ರೇಡಿಯೋದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ನಲವತ್ತು ಮೈಲಿ ದೂರದಲ್ಲಿ, ಹೊಲಗಳ ನಡುವೆ, ಅವನ ಅಕ್ಕ ಇರ್ಮಾ ಒಬ್ಬಳೇ ಇದ್ದಳು. ಇರ್ಮಾಗೆ ಬೇಸ್‌ಬಾಲಿನಲ್ಲಿ ಎಷ್ಟು ಜನ ಆಡುತ್ತಾರೆ ಎಂಬುದೂ ತಿಳಿಯದು. ಅವತ್ತು ಅವಳು ಅಂಗಳದಲ್ಲಿ ಒಲೆ ಹೂಡಿ, ದೊಡ್ಡ ತಾಮ್ರದ ಹಂಡೆಯಲ್ಲಿ ಸೇಬನ್ನು ಬೇಯಿಸಿ ಜಾಮ್ ಕಾಯಿಸುವವಳಿದ್ದಳು.

"ಒಳ್ಳೇದಾಯ್ತು ಬಂದಿದ್ದು," ಎಂದು ನಾದಿನಿಯ ಕೈಗೆ ಉದ್ದ ಹಿಡಿಯ ಮರದ ಸೌಟು ಕೊಟ್ಟಳು. "ಕೈ ನಿಲ್ಲಿಸ್ಬಾರ್ದು, ಅಷ್ಟೇ."

ಡೊಲೊರೆಸ್ ಹನ್ನೊಂದು ಗಂಟೆಯಿಂದ ತಿರುವಿದಳು. ಒಂದು ಗಂಟೆಗೆ ಆಟ ಶುರುವಾಗಿರಬೇಕು. ಎರಡಕ್ಕೆ ನಾಲ್ಕನೇ ಇನ್ನಿಂಗ್ಸು. ಎಮಿಲ್ ಹುಲ್ಲಿನ ಮೇಲೆ ಮುಖಕ್ಕೆ ಟೋಪಿ ಮುಚ್ಚಿ ಮಲಗಿದ. ಮೂರೂವರೆಗೆ ಇರ್ಮಾ ಶೀಶೆ ತರಲು ನೆಲಮಾಳಿಗೆಗೆ ಇಳಿದಳು. ಡೊಲೊರೆಸ್‌ಗೆ ಬಾಯಾರಿತು. ನೀರು ಕುಡಿಯಲೆಂದೇ ಅಡುಗೆಮನೆಗೆ ಹೋದಳು. ನೀರನ್ನೂ ಕುಡಿದಳು.

ಕಿಟಕಿಯ ಪಕ್ಕ ಹಳೆಯ ರೇಡಿಯೋ ಇತ್ತು, ಮೇಲೆ ಕಸೂತಿ ಬಟ್ಟೆ ಹೊದಿಸಿತ್ತು. ಈಗ ಆಟ ಮುಗಿದೇ ಇರುತ್ತದೆ ಎಂದುಕೊಂಡಳು. ಮುಗಿದ ಆಟವನ್ನು ಯಾರ ಕಿವಿ ಏನು ಮಾಡೀತು? ಬರೀ ಎಷ್ಟಕ್ಕೆಷ್ಟು ಎಂದು ಕೇಳಿ ಆರಿಸಿದರಾಯಿತು. ಗುಂಡಿ ತಿರುಗಿಸಿದಳು. ರೇಡಿಯೋ ಬಿಸಿಯಾಗಲು ಅರ್ಧ ನಿಮಿಷ ಬೇಕಾಯಿತು. ಆ ಅರ್ಧ ನಿಮಿಷದಲ್ಲಿ ಆರಿಸಬಹುದಿತ್ತು.

ಆಟ ಮುಗಿದಿರಲಿಲ್ಲ. ಒಂಬತ್ತನೇ ಇನ್ನಿಂಗ್ಸು. ಹೆರನ್ಸ್ ಮೂರು, ಎದುರಾಳಿ ಎರಡು. ಎರಡು ಔಟಾಗಿ, ಮೂರನೆಯದೊಂದು ಬಾಕಿ. ಎದುರಾಳಿಯ ಒಬ್ಬ ಮೊದಲನೇ ಬೇಸಿನಲ್ಲಿ ನಿಂತಿದ್ದ, ಬ್ಯಾಟು ಹಿಡಿದವನು ಎರಡು ಸಲ ಬೀಸಿ ಎರಡು ಸಲವೂ ಚೆಂಡು ತಪ್ಪಿಸಿದ್ದ. ಇನ್ನೊಂದು ಸಲ ತಪ್ಪಿದರೆ ಮುಗಿಯಿತು. ವರದಿಗಾರನ ದನಿ ಒಡೆಯುತ್ತಿತ್ತು.

ಡೊಲೊರೆಸ್‌ಳ ಕೈ ಗುಂಡಿಯ ಮೇಲೇ ಇತ್ತು. ಆರಿಸಬೇಕು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅಪ್ಪ ಕೇಳದೆ ಸತ್ತ ಗೆಲುವನ್ನು ತಾನು ಕೇಳುತ್ತಿದ್ದೇನೆ, ಒಂದು ಎಸೆತ, ಒಂದೇ ಒಂದು, ಎಂದುಕೊಂಡು ಗುಂಡಿ ತಿರುಗಿಸದೆ ನಿಂತಳು.

ಆ ಒಂದು ಎಸೆತವನ್ನು ಬ್ಯಾಟಿನವನು ಎಡಗಡೆಯ ಗೋಡೆಯಾಚೆಗೆ, ಪ್ರೇಕ್ಷಕರ ನಡುವೆ ಹೊಡೆದ. ಬೇಸಿನಲ್ಲಿದ್ದವನದೂ ಸೇರಿ ಎರಡು ರನ್ನು, ನಾಲ್ಕು ಮೂರು.

ಅವಳು ರೇಡಿಯೋ ಆರಿಸಿ, ಬಟ್ಟೆಯನ್ನು ಮೊದಲಿದ್ದ ಹಾಗೇ ಎಳೆದು, ಲೋಟ ತೊಳೆದಿಟ್ಟು, ಅಂಗಳಕ್ಕೆ ಬಂದು ಸೌಟು ಹಿಡಿದಳು. ಇರ್ಮಾ ಶೀಶೆಗಳ ಬುಟ್ಟಿ ಹೊತ್ತು ಬಂದು ಮೂಗರಳಿಸಿದಳು.

"ತಳ ಹಿಡೀತಲ್ಲೇ!"

"ಹೂಂ," ಎಂದಳು ಡೊಲೊರೆಸ್. "ಹಿಡೀತು."

ಸಂಜೆ ಮನೆಗೆ ಬರುವಷ್ಟರಲ್ಲಿ ಬೀಲೆಕ್ ಮೆಟ್ಟಿಲ ಮೇಲೆ ಕೂತಿದ್ದ. ಕಣ್ಣು ಕೆಂಪಗಿತ್ತು. ಪಕ್ಕದಲ್ಲಿ ಅಕ್ರೋಟು ತುಂಬಿದ ಎರಡು ಸುರುಳಿ ಬ್ರೆಡ್ಡು, ಬಟ್ಟೆಯಲ್ಲಿ ಸುತ್ತಿದ್ದು.

"ನನ್ನ ಹೆಂಡತಿ ಮಾಡಿದ್ದು," ಎಂದ. "ನೀನು ಊರಲ್ಲೇ ಇರ್ಲಿಲ್ಲ, ಆದ್ರೂ ಸೋತ್ವಿ. ನಿನ್ನದೇನೂ ದೋಷ ಇಲ್ಲ. ನಾವೇ ಮೂರ್ಖರು. ಕ್ಷಮಿಸ್ಬಿಡು ಡೊಲೊರೆಸ್."

ಡೊಲೊರೆಸ್ ಅವನ ಮುಖ ನೋಡಿದಳು. ಬ್ರೆಡ್ಡು ಇಸಿದುಕೊಂಡಳು.

ಭಾನುವಾರ ಫಾದರ್ ಚೆರ್ನಿ ಪೂಜೆಯ ನಡುವೆ ಮೂಢನಂಬಿಕೆಯ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. ನಿರಪರಾಧಿಯೊಬ್ಬಳನ್ನು ನೋಯಿಸಿದವರಲ್ಲಿ ತಾವೂ ಒಬ್ಬರೆಂದು ಹೇಳಿ ತಲೆ ಬಾಗಿಸಿದರು. ಇಡೀ ಚರ್ಚು ಹಿಂದಿರುಗಿ ಡೊಲೊರೆಸ್‌ಳನ್ನು ಪ್ರೀತಿಯಿಂದ ನೋಡಿತು. ಅವಳು ಪ್ರಾರ್ಥನೆಯ ಪುಸ್ತಕದಲ್ಲಿ ಮುಖ ಹುದುಗಿಸಿದಳು. ಪುಸ್ತಕ ತಲೆಕೆಳಗಾಗಿತ್ತು.

ಆರು ದಿನ ತಡೆದುಕೊಂಡಳು. ಬೇಕರಿಗೆ ಬಂದವರೆಲ್ಲ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು. ಶನಿವಾರ ಮಧ್ಯಾಹ್ನ ಪಾಪನಿವೇದನೆಯ ಸಾಲಿನಲ್ಲಿ ನಿಂತು, ಸರದಿ ಬಂದಾಗ ಒಳಗೆ ಮೊಣಕಾಲೂರಿದಳು. ಜಾಲರಿಯ ಆಚೆ ಫಾದರ್ ಚೆರ್ನಿಯ ಕಿವಿ ಕಂಡಿತು.

"ಎರಡು ಸಲ ಗಂಡನ ಮೇಲೆ ರೇಗಿದೆ, ಫಾದರ್. ಒಂದು ಶುಕ್ರವಾರ ಮಾಂಸ ಬಿಡ್ಬೇಕು ಅನ್ನೋದು ಮರೆತು ಸಾಸೇಜು ತಿಂದೆ." ಉಸಿರೆಳೆದುಕೊಂಡಳು. "ರೇಡಿಯೋ ಹಾಕಿದೆ."

"ರೇಡಿಯೋ ಹಾಕೋದು ಪಾಪ ಅಲ್ಲ ಮಗಳೇ."

"ಹೋದ ಶನಿವಾರ, ಫಾದರ್. ಇರ್ಮಾ ಮನೇಲಿ."

ಜಾಲರಿಯ ಆಚೆಯ ಕಿವಿ ಹತ್ತಿರ ಬಂತು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಪ್ರಶ್ನೆ ಬಂತು.

"ಎಷ್ಟನೇ ಇನ್ನಿಂಗ್ಸು?"

"ಒಂಬತ್ತು."

"ಎಷ್ಟು ಔಟಾಗಿತ್ತು?"

"ಎರಡು."

ಹಣೆ ಮರದ ಹಲಗೆಗೆ ತಾಗಿದ ಸದ್ದು ಕೇಳಿಸಿತು.

"ಎಷ್ಟು ಎಸೆತ ಕೇಳಿದೆ?"

"ಒಂದೇ, ಫಾದರ್."

"ಅದೇ ಒಂದಾ?"

"ಅದೇ."

ಸಾಲಿನಲ್ಲಿ ಹಿಂದೆ ನಿಂತವರು ಕೆಮ್ಮತೊಡಗಿದರು. ಫಾದರ್ ಚೆರ್ನಿ ಗಂಟಲು ಸರಿಮಾಡಿಕೊಂಡರು.

"ಚರ್ಚು ಇಂಥದನ್ನ ನಂಬೋದಿಲ್ಲ. ಅದನ್ನ ಮೊದಲು ಹೇಳಿಬಿಡ್ತೀನಿ. ಯಾರಿಗಾದ್ರೂ ಸುಳ್ಳು ಹೇಳಿದ್ದೀಯಾ?"

"ಹೇಳಿಲ್ಲ. ಆದ್ರೆ ಬೀಲೆಕ್ ಕೊಟ್ಟ ಬ್ರೆಡ್ಡು ತಿಂದೆ."

"ಎರಡೂನಾ?"

"ಎರಡೂ."

"ಅದು ಪಾಪ," ಎಂದರು ಫಾದರ್, ಏನೋ ಸಿಕ್ಕಿದ ಸಮಾಧಾನದಿಂದ. "ಪ್ರಾಯಶ್ಚಿತ್ತ ಏನಂದ್ರೆ, ಆಂಕರ್ಸ್ ಶಹರದಲ್ಲಿ ಆಡೋ ಪಂದ್ಯ ಇನ್ನು ನಾಲ್ಕು ಇವೆ. ನಾಲ್ಕಕ್ಕೂ ಹೋಗು."

"ಹೇಗೂ ಹೋಗ್ತೀನಲ್ಲ ಫಾದರ್."

"ಗೊತ್ತು. ಆಟದ ನಾಲ್ಕು ಭಾಗದಲ್ಲಿ ಮೂರನೇದಕ್ಕೇ ಎದ್ದು ಬರ್ತೀಯ, ಅದೂ ಗೊತ್ತು. ಕೊನೇ ಸೀಟಿ ಊದೋವರೆಗೂ ಕೂತ್ಕೋಬೇಕು. ಹಿಮ ಬಿದ್ರೂ. ಯಾರನ್ನೂ ಬೈಬಾರ್ದು."

"ಯಾರನ್ನೂ ಅಂದ್ರೆ, ರೆಫ್ರಿನೂ?"

"ರೆಫ್ರಿನೂ."

ಅವಳು ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಸಾಲಿನಲ್ಲಿದ್ದವರು ಎಮಿಲ್ ಬಗ್ಗೆ ಏನೇನೋ ಊಹಿಸಿಕೊಂಡರು.

ಮನೆಯಲ್ಲಿ, ಕೋಸಿನ ಪಲ್ಯ ಬಡಿಸುತ್ತಾ, ಅವಳು ಗಂಡನಿಗೂ ಹೇಳಿಬಿಟ್ಟಳು. ಎಮಿಲ್ ತುತ್ತು ನುಂಗಿದ.

"ನಂಗೆ ಗೊತ್ತಿತ್ತು," ಎಂದ.

"ಹೇಗೆ? ನೀನು ಮಲಗಿದ್ದೆ!"

"ಇಪ್ಪತ್ತು ವರ್ಷದಿಂದ ನಿನ್ನ ಕೈ ಅಡುಗೆ ತಿಂತಿದೀನಿ. ಒಂದು ದಿನಾನೂ ತಳ ಹಿಡಿದಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನೀನು ಆ ಹಂಡೆ ಮುಂದೆ ನಿಂತಿದ್ದು ನೋಡಿದ್ರೆ ನಿಮ್ಮಪ್ಪ ತೀರಿಕೊಂಡ ದಿನ ನಿಂತ ಹಾಗೇ ಇತ್ತು." ಇನ್ನೊಂದು ಸೌಟು ಪಲ್ಯ ಹಾಕಿಕೊಂಡ. "ಅದೂ ಅಲ್ದೆ, ನೀನು ಕಿವಿಗೊಟ್ಟಿದ್ದಕ್ಕೆ ಅಷ್ಟು ದೂರ ಚೆಂಡು ಹಾರುತ್ತೆ ಅಂದ್ರೆ, ನಾನು ಇನ್ನು ಹುಷಾರಾಗಿರ್ಬೇಕು."

ಡೊಲೊರೆಸ್ ನಗಲಿಲ್ಲ. ಆದರೆ ಆ ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಪ್ರಾಯಶ್ಚಿತ್ತ ನವೆಂಬರಿನಲ್ಲಿ ಶುರುವಾಯಿತು. ಮೊದಲನೆಯದರಲ್ಲಿ ಆಂಕರ್ಸ್ ಹದಿನೇಳು ಅಂಕಗಳಿಂದ ಸೋತಿತು, ಎರಡನೆಯದರಲ್ಲಿ ಇಪ್ಪತ್ನಾಲ್ಕು. ಫಾದರ್ ಚೆರ್ನಿಯೂ ಪೂಜೆ ಮುಗಿಸಿ ಬಂದು, ಅವಳಿಗಿಂತ ಎರಡು ಸಾಲು ಮೇಲೆ ಕೂರುತ್ತಿದ್ದರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲವಾದ್ದರಿಂದ ಇಬ್ಬರೂ ಹವಾಮಾನದ ಬಗ್ಗೆ ಮಾತ್ರ ಮಾತಾಡಿದರು. ಮೂರನೆಯ ಪಂದ್ಯದಲ್ಲಿ ರೆಫ್ರಿ ಕಣ್ಣೆದುರಿಗೇ ತಪ್ಪು ತೀರ್ಪು ಕೊಟ್ಟಾಗ ಡೊಲೊರೆಸ್ ಕೈಗವಸು ಕಚ್ಚಿಕೊಂಡು ಸುಮ್ಮನಿದ್ದಳು. ಮೇಲಿನಿಂದ ಫಾದರ್ ಬೈದರು. ಅವರಿಗೆ ಪ್ರಾಯಶ್ಚಿತ್ತ ಇರಲಿಲ್ಲ.

ನಾಲ್ಕನೆಯದಕ್ಕೆ, ಡಿಸೆಂಬರ್ ನಡುವಿನ ಭಾನುವಾರ, ಎಮಿಲ್ ತಾನೂ ಕೋಟು ಹಾಕಿಕೊಂಡ.

"ಎಲ್ಲಿಗೆ?" ಎಂದಳು.

"ನೀನೊಬ್ಳೇ ಹಿಮದಲ್ಲಿ ಕೂರ್ತೀಯ. ಬಿಸಿ ಸೂಪು ಹಿಡ್ಕೊಂಡು ಬರ್ತೀನಿ."

ಸರೋವರದ ಕಡೆಯಿಂದ ಬೀಸುವ ಗಾಳಿ ಹಿಮವನ್ನು ಅಡ್ಡಡ್ಡ ತಂದು ಮುಖಕ್ಕೆ ಎರಚುತ್ತಿತ್ತು. ಅರ್ಧ ಆಟದ ಹೊತ್ತಿಗೆ ಮೂವತ್ತೊಂದು ಸೊನ್ನೆ. ಜನ ಎದ್ದು ಹೋಗತೊಡಗಿದರು. ಕೊನೆಯ ಕಾಲುಭಾಗದ ಹೊತ್ತಿಗೆ ಅವರಿದ್ದ ಕಡೆ ಹತ್ತೋ ಹನ್ನೆರಡೋ ಜನ. ಬೀಲೆಕ್ ಹೊರಡುವ ಮುಂಚೆ ಬಂದು ಅವಳ ಹೆಗಲ ಮೇಲಿನ ಹಿಮ ತಟ್ಟಿದ.

"ಇದಪ್ಪಾ ನಿಷ್ಠೆ ಅಂದ್ರೆ," ಎಂದ ಗದ್ಗದಿತನಾಗಿ. "ನಿನ್ನಂಥವಳ ಮೇಲೆ ಅನುಮಾನ ಪಟ್ವಲ್ಲ."

ಡೊಲೊರೆಸ್ ಮೈದಾನದ ಕಡೆಯೇ ನೋಡುತ್ತಿದ್ದಳು. ಎಮಿಲ್ ಸೂಪು ಬಗ್ಗಿಸಿಕೊಟ್ಟ. ಕೆಳಗೆ ಇಪ್ಪತ್ತೆರಡು ಜನ ಬಿಳಿಯ ರಾಶಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಏಳುತ್ತಿದ್ದರು. ಗೆರೆಗಳಾಗಲಿ, ಅಂಗಿಗಳ ಬಣ್ಣವಾಗಲಿ ಕಾಣುತ್ತಿರಲಿಲ್ಲ.

ಎಮಿಲ್ ಬಹಳ ಹೊತ್ತು ಗಮನವಿಟ್ಟು ನೋಡಿದ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಆಟದ ಬಗ್ಗೆ ತಾನಾಗಿ ಕೇಳಿದ ಎರಡನೆಯ ಪ್ರಶ್ನೆಯನ್ನು ಆಗ ಕೇಳಿದ.

"ಇದರಲ್ಲಿ ನಮ್ಮವರು ಯಾರು?"

ನಮ್ಮವರು ಎಂದ ಮಾತು ಕೇಳಿ ಡೊಲೊರೆಸ್ ಕಪ್ಪನ್ನು ಕೆಳಗಿಟ್ಟಳು. ಗಂಡನ ಹತ್ತಿರಕ್ಕೆ ಸರಿದು ಕೂತು, ಬೆರಳು ಚಾಚಿ ತೋರಿಸಿದಳು.

"ಈಗ ಕೆಳಗೆ ಬಿದ್ದಿದಾರಲ್ಲ, ಅವರು."