ಓನರ್ ಆಂಟಿಯ ಡೊಳ್ಳುಹೊಟ್ಟೆ ಟೀವಿ

ನಮ್ಮ ಓನರ್ ಆಂಟಿಯ ಸೊಂಟದಲ್ಲಿ ಬೀಗದ ಕೈಗೊಂಚಲಿನ ಬದಲು ಟೀವಿ ರಿಮೋಟ್ ಸಿಕ್ಕಿಸಿಕೊಂಡಿರುತ್ತಿತ್ತು. ಪ್ಲಾಸ್ಟಿಕ್ ಕವರು ಹಾಕಿ ರಬ್ಬರ್‌ಬ್ಯಾಂಡ್ ಬಿಗಿದ ಆ ರಿಮೋಟನ್ನು ಹಾಲು ತರಲು ಹೋಗುವಾಗಲೂ ಅವರು ಕೆಳಗಿಡುತ್ತಿರಲಿಲ್ಲ. ನಲ್ಲಿ ನೀರಿಗೆ ನಾವು ಜಗಳವಾಡಿದರೆ ಅದನ್ನೇ ಸೆಳೆದು ಒಬ್ಬೊಬ್ಬರ ಕಡೆ ಹಿಡಿದು ಮಾತಾಡುತ್ತಿದ್ದರು. ದನಿ ತಗ್ಗಿಸುವ ಗುಂಡಿ ಒತ್ತಿದಂತೆ ನಾವೆಲ್ಲ ಸುಮ್ಮನಾಗುತ್ತಿದ್ದೆವು.

ಗರುಡಾಚಾರ್‌ಪಾಳ್ಯದಲ್ಲಿ ಅವರದೊಂದು ವಠಾರ. ಕೆಳಗೆ ಅವರ ಮನೆ, ಮೇಲೆ ಸಾಲಾಗಿ ಬಾಡಿಗೆ ರೂಮುಗಳು. ರೂಮುಗಳಲ್ಲಿದ್ದವರು ಹೆಚ್ಚಾಗಿ ನಮ್ಮಂತೆ ಯಾದಗಿರಿ, ಕಲಬುರಗಿ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಪಾಳ್ಯ ಇನ್ನೂ ಹಳ್ಳಿಯಾಗಿದ್ದಾಗ ಆಂಟಿ ಹಸು ಕಟ್ಟಿದ್ದರಂತೆ. ಹಾಲು ಮಾರಿ ಕೊಂಡದ್ದೇ ಆ ಟೀವಿ. ಅದರ ಬೆನ್ನಿಗೆ ಗುಡಾಣದಂಥ ಹೊಟ್ಟೆ. ಹೊಸದು ತನ್ನಿ ಎಂದು ಯಾರಾದರೂ ಹೇಳಿದರೆ, "ಹಲ್ಲು ಉದುರ್ತು ಅಂತ ಅತ್ತೇನ ಬದ್ಲಾಯಿಸ್ತಾರಾ?" ಎನ್ನುತ್ತಿದ್ದರು. ಅಂಥ ಅನುಕೂಲವಿದ್ದಿದ್ದರೆ ನಾನಂತೂ ಹಲ್ಲು ಉದುರುವ ತನಕ ಕಾಯುತ್ತಿರಲಿಲ್ಲ.

ನಾನು ತುಂಬು ಬಸುರಿಯಾಗಿದ್ದಾಗಲೇ ಊರಲ್ಲಿ ತಂಗಿಯ ಮದುವೆ ನಿಶ್ಚಯವಾಯಿತು. ಅವ್ವ ಹೋದ ಮೇಲೆ ಅವಳಿಗೆ ಜಡೆ ಹೆಣೆದು, ರೊಟ್ಟಿ ಬಡಿದು ಹಾಕಿ, ಬೈದು ಬೆಳೆಸಿದವಳು ನಾನು. ಅವಳ ತಲೆಯ ಮೇಲೆ ನನ್ನ ಕೈಯಿಂದ ನಾಲ್ಕು ಕಾಳು ಅಕ್ಷತೆ ಬೀಳಬೇಕೆಂಬುದು ಒಂದೇ ಆಸೆ. ಆದರೆ ಡಾಕ್ಟರು ಬಸ್ಸು ಹತ್ತಲೇಬಾರದು ಎಂದುಬಿಟ್ಟರು. ಮನೆಯ ಅಳಿಯನಾದ್ದರಿಂದ ಗಂಡ ಹೋಗಲೇಬೇಕಿತ್ತು. "ನೀನ್ ಹೋಗಿ ಬಾರಪ್ಪ, ಇವಳ ಹತ್ರ ನಾನಿದ್ದೀನಿ" ಎಂದು ಆಂಟಿಯೇ ಅವನನ್ನು ಕಳಿಸಿದರು. ನಮ್ಮ ಒಂದೇ ಒಂದು ಸ್ಮಾರ್ಟ್ ಫೋನೂ ಅವನೊಂದಿಗೆ ಹೊರಟಿತು.

ಊರಿನ ಫೋಟೊಗ್ರಾಫರ್ ಮದುವೆಯನ್ನು ಲೈವ್ ಬಿಡುತ್ತಾನೆಂದು ತಿಳಿದಾಗ, "ಬಾಜೂಕಿನವರ ಫೋನಿನ್ಯಾಗ ನೋಡ್ತೀನ್ರಿ ಆಂಟಿ" ಎಂದೆ.

"ಅಂಗೈ ಅಗಲದ್ರಲ್ಲಿ ಯಾರಾದ್ರೂ ತಂಗಿ ಮದುವೆ ನೋಡ್ತಾರೇನೆ? ಮದುವೆ ಅಂದ್ರೆ ಜನ ಕೂತ್ಕೊಂಡು ನೋಡ್ಬೇಕು. ನಮ್ ಟೀವಿಗೇ ತರ್ಸೋಣ ತಡಿ."

ವಠಾರಕ್ಕೆಲ್ಲ ಒಂದೇ ನೆಟ್ಟು ಹಾಕಿಸಿದ್ದವರು ಅವರೇ. ಮೆಟ್ಟಿಲ ಬಳಿಯ ಮೇಜಿನ ಮೇಲೆ ಅದರ ರೌಟರ್ ಇತ್ತು. ನಾಲ್ಕು ಕೊಂಬು ಎತ್ತಿ ನಿಂತಿದ್ದ ಅದಕ್ಕೆ ಆಂಟಿ ತಮ್ಮ ಹಳೆಯ ಹಸುವಿನ ಹೆಸರಿಟ್ಟು ಗೌರಿ ಎನ್ನುತ್ತಿದ್ದರು. ಗೌರಿಯಿಂದ ಮದುವೆಯನ್ನು ಟೀವಿಗೆ ಇಳಿಸುವುದಷ್ಟೇ ಉಳಿದಿತ್ತು. ಟೀವಿಗೆ ಇದ್ದದ್ದು ಹಳದಿ, ಬಿಳಿ, ಕೆಂಪು ವೈರು ಸಿಕ್ಕಿಸುವ ಮೂರು ತೂತು ಮಾತ್ರ. ಆಂಟಿ ಹಳೆಯ ವೈರೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದರು. ಅಂಗಡಿ ಅಂಗಡಿ ಹತ್ತಿಳಿದು, ಎಲ್ಲರ ಬಾಯಿಂದ "ಹೊಸ ಟೀವಿ ತಗೊಳ್ಳಿ ಅಮ್ಮ" ಎಂಬ ಬುದ್ಧಿಮಾತು ಕೇಳಿ, ಎಲ್ಲರಿಗೂ ಅತ್ತೆಯ ಹಲ್ಲಿನ ಕತೆ ಹೇಳಿ, ಸಂಜೆ ಎರಡು ಪುಟ್ಟ ಡಬ್ಬಿಗಳೊಂದಿಗೆ ಗೆದ್ದು ಬಂದರು. ಒಂದು ನೆಟ್ಟಿನಿಂದ ಚಿತ್ರ ತರುವುದು, ಇನ್ನೊಂದು ಆ ಚಿತ್ರವನ್ನು ಹಳೆಯ ಟೀವಿಗೆ ಒಗ್ಗಿಸುವುದು.

ಮರುದಿನ ಜೋಡಿಸಲು ಕೂತೆವು. ಟೀವಿಯ ಹಿಂದೆ ಬಗ್ಗಲು ನನಗೆ ಹೊಟ್ಟೆ ಅಡ್ಡ, ಅವರಿಗೆ ಮಂಡಿ ನೋವು. ಆಂಟಿ ಮುಖ ನೋಡಿಕೊಳ್ಳುವ ಕನ್ನಡಿ ತಂದು ಗೋಡೆಗೆ ಒರಗಿಸಿದರು. ಅದರಲ್ಲಿ ನೋಡುತ್ತ ನಾನು ವೈರು ಸಿಕ್ಕಿಸಿದೆ. ಚಿತ್ರ ಬರಲಿಲ್ಲ, ಬರೀ ಗುಂಯ್ ಎಂದಿತು. ಎಷ್ಟೋ ಹೊತ್ತು ಒದ್ದಾಡಿದ ಮೇಲೆ ಆಂಟಿ ಒದ್ದೆ ಬಟ್ಟೆಯಿಂದ ತೂತುಗಳನ್ನು ಒರೆಸಿದರು. ನೋಡಿದರೆ, ಇಷ್ಟು ವರ್ಷದ ಒಗ್ಗರಣೆ ಹೊಗೆಗೆ ಬಿಳಿ ತೂತೇ ಹಳದಿಯಾಗಿ ಕೂತಿತ್ತು! ವೈರು ಬದಲಿಸಿದ ಕೂಡಲೇ ಚಿತ್ರ ಬಂತು. ಆದರೆ ಹಳೆಯ ಪರದೆ, ಅಂಚಿನಲ್ಲಿ ನಿಂತವರ ಅರ್ಧ ಮೈ ಕಾಣದು. "ನಡುವೆ ಇರೋರು ಕಂಡ್ರೆ ಸಾಕು ಬಿಡು, ಅಂಚಲ್ಲಿ ನಿಲ್ಲೋರು ಊಟಕ್ಕೆ ಬಂದಿರ್ತಾರೆ" ಎಂದರು ಆಂಟಿ.

ಮದುವೆಯ ದಿನ ಟೀವಿಗೆ ಮಲ್ಲಿಗೆ ಮಾಲೆ ಬಿತ್ತು. ನಮ್ಮ ಕಡೆ ಜೋಳದ ಅಕ್ಷತೆ ಎಂದು ಕೇಳಿ ತಿಳಿದು, ಆಂಟಿ ನನ್ನ ಡಬ್ಬಿಯ ಜೋಳಕ್ಕೇ ಅರಿಶಿನ ಕಲಸಿ ಬಂದವರಿಗೆಲ್ಲ ಹಂಚಿದರು. ರೂಮುಗಳ ಜನರೆಲ್ಲ ಚಾಪೆಯ ಮೇಲೆ ಕೂತಿದ್ದರು, ಮಕ್ಕಳು ಒಳಗೂ ಹೊರಗೂ ಓಡುತ್ತಿದ್ದವು. ಮುಹೂರ್ತ ಹತ್ತಿರ ಬಂದಾಗ ಆಂಟಿ ಎದ್ದು ಹೊರಗೆ ಹೋಗಿ ಮಕ್ಕಳನ್ನು ಗದರಿಸಿ ಬಂದರು. ಟೀವಿಯಲ್ಲಿ ಅಂತರಪಟ ಹಿಡಿದರು. ಅದರ ಹಿಂದೆ ತಂಗಿ ತಲೆ ಎತ್ತಿದಳು. ಅಲ್ಲಿಗೆ ಚಿತ್ರ ನಿಂತು ಚಕ್ರ ಸುತ್ತತೊಡಗಿತು. ಅಲ್ಲಿದ್ದ ಫೋನುಗಳೂ ಅದೇ ನೆಟ್ಟನ್ನು ನಂಬಿದ್ದರಿಂದ ಅವೂ ಸುತ್ತತೊಡಗಿದವು. ನನಗೆ ಅಳು ಬಂದುಬಿಟ್ಟಿತು. ತಟ್ಟನೆ ಏನೋ ಹೊಳೆಯಿತು.

"ಆಂಟಿ, ಗೌರಿ ಮ್ಯಾಲ ಏನರ ಇಟ್ಟೀರೇನ್ರಿ?"

"ಏನೂ ಇಟ್ಟಿಲ್ವೇ. ಹುಡುಗ್ರು ಮುಟ್ತಾವೆ ಅಂತ ಸ್ಟೀಲ್ ಬೋಗುಣಿ ಮುಚ್ಚಿದೀನಿ ಅಷ್ಟೆ."

ಕೋಳಿಮರಿಗಳ ಮೇಲೆ ಬುಟ್ಟಿ ಮುಚ್ಚಿ ಹದ್ದಿನಿಂದ ಕಾಪಾಡಿದ ಕೈ ಅದು, ಮುಚ್ಚದೆ ಇರುತ್ತದೆಯೇ? ಮಂಡಿ ನೋವು ಮರೆತು ಆಂಟಿ ಓಡಿದರು. ಬೋಗುಣಿ ನೆಲಕ್ಕೆ ಬಿದ್ದ ಸದ್ದಿಗೂ ಟೀವಿಯಲ್ಲಿ ಗಟ್ಟಿಮೇಳ ಮೊಳಗಿದ್ದಕ್ಕೂ ಸರಿಹೋಯಿತು. ಅಂತರಪಟ ಸರಿದಿತ್ತು, ತಂಗಿಯ ಕೊರಳಿಗೆ ತಾಳಿ ಬೀಳುತ್ತಿತ್ತು. "ಹಾಕ್ರೇ, ಹಾಕ್ರೇ" ಎಂದು ಬಾಗಿಲಿಂದಲೇ ಆಂಟಿ ಕೂಗಿದರು. ನಾನು ಎದ್ದು ತಂಗಿಯ ತಲೆ ಕಂಡಲ್ಲಿಗೇ ಅಕ್ಷತೆ ಹಾಕಿದೆ. ಜೋಳ ಗಾಜಿಗೆ ಬಡಿದು, ಟೀವಿಯ ನೆತ್ತಿಗೆ ಹಾರಿ, ಹಿಂದಿನ ಸೀಳುಗಳಲ್ಲಿ ಒಳಗಿಳಿಯಿತು. ಮದುವೆಗೆ ಹೋಗಿದ್ದರೂ ನಾನು ಅಷ್ಟು ಸಂತೋಷಪಡುತ್ತಿದ್ದೆನೋ ಇಲ್ಲವೋ.

ಅಂದಿನಿಂದ ಗೌರಿಗೆ ಬಿದಿರಿನ ಬುಟ್ಟಿಯೇ ಮುಚ್ಚಳ. ದೂಳು ಹೊಡೆಯಲು ಟೀವಿ ಸರಿಸಿದಾಗಲೆಲ್ಲ ಹೊಟ್ಟೆಯೊಳಗೆ ಜೋಳ ಗಲಗಲ ಎನ್ನುತ್ತಿತ್ತು. ಬಿಚ್ಚಿ ತೆಗೆಸೋಣವೆಂದರೆ ಆಂಟಿ ಒಪ್ಪುತ್ತಿರಲಿಲ್ಲ. "ಇರ್ಲಿ ಬಿಡೇ. ನಿನ್ ತಂಗಿ ಮದುವೆ ಇನ್ನೂ ನಡೀತಾ ಇದೆ" ಎಂದು ನಗುತ್ತಿದ್ದರು. ಆಮೇಲೆ ನನ್ನ ಮಗಳು ಹುಟ್ಟಿ, ಆ ಟೀವಿಯ ಮುಂದೆಯೇ ಅವರ ತೊಡೆಯ ಮೇಲೆ ಬೆಳೆದಳು. ಅವ್ವನಿಲ್ಲದ ನನಗೆ ಆ ಕೆಳಮನೆಯೇ ತವರಾಯಿತು.

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಆಂಟಿ ಏಳಲಿಲ್ಲ. ರಿಮೋಟ್ ಸೊಂಟದಲ್ಲೇ ಇತ್ತು. ಕಾರ್ಯವೆಲ್ಲ ಮುಗಿದ ಮೇಲೆ ಹೊರಮಾವಿನಲ್ಲಿರುವ ಅವರ ಮಗಳು ನನ್ನನ್ನು ಕರೆದು, "ಟೀವಿ ನಿಮಗೇ ಅಂತ ಅಮ್ಮ ಮೊದ್ಲೇ ಹೇಳಿಟ್ಟಿದ್ರು" ಎಂದರು. ಇಬ್ಬರು ಆಳುಗಳು ಅದನ್ನು ಹೊತ್ತು ನಮ್ಮ ರೂಮಿಗೆ ಮೆಟ್ಟಿಲೇರಿದರು. ತಿರುವಿನಲ್ಲಿ ಟೀವಿ ವಾಲಿ ಒಳಗೆ ಗಲಗಲ ಎಂದಿತು. ಮುಂದಿದ್ದವನು ಗಾಬರಿಯಾಗಿ ನಿಂತ.

"ಅಕ್ಕಾ, ಒಳಗೆ ಏನೋ ಮುರಿದು ಹೋಯ್ತು ಅನ್ಸುತ್ತೆ."

"ಏನೂ ಮುರದಿಲ್ಲಪ್ಪಾ," ಎಂದೆ ಕಣ್ಣೊರೆಸಿಕೊಂಡು, "ಸಾವಕಾಶ ತಗೊಂಡ್ ಬರ್ರಿ. ಒಳಗ ಮದುವಿ ನಡದದ."